ಸೊಸೆಯ ತೂಕದ ಬೆಲ್ಲ

ಸುನಿತಾ ಬೆಲ್ಲದ ಪೆಂಟೆಗಳಿಗೆ ಅಂಟಿದ ಗೋಣಿಯ ನಾರನ್ನು ಎಳೆ ಎಳೆಯಾಗಿ ಬಿಡಿಸುತ್ತಿದ್ದಳು. ಎದುರಿಗೆ ಕುಳಿತ ಅತ್ತೆ ಮುದಕಮ್ಮ ಬಿಡಿಸಿದ್ದನ್ನು ಒಣ ಬಟ್ಟೆಯಿಂದ ಒರೆಸಿ ಬುಟ್ಟಿಗೆ ಇಡುತ್ತಿದ್ದಳು. ಬೆರಳಿಗೆ ಹತ್ತಿದ ಬೆಲ್ಲವನ್ನು ಸುನಿತಾ ನೆಕ್ಕಲಿಲ್ಲ, ಚೊಂಬಿನ ನೀರಿನಲ್ಲಿ ಅದ್ದಿ ತೊಳೆದಳು. ದೇವರ ಮೀಸಲೆಂದು ಸೊಸೆ ಬಾಯಿಗೆ ಮುಟ್ಟಿಸಲಿಲ್ಲ ಎಂದು ಅತ್ತೆ ತಿಳಿದಿದ್ದರೆ ತಿಳಿಯಲಿ. ಅವಳ ಲೆಕ್ಕವೇ ಬೇರೆ ಇತ್ತು. ಬೆಲ್ಲವೆಂದರೆ ಚಮಚಕ್ಕೆ ಒಂದು ಪಾಯಿಂಟು.

ಈ ಪಾಯಿಂಟಿನ ವಿದ್ಯೆ ಕಲಿಸಿದವರು ಫೋನಿನಲ್ಲಿ ಬರುವ ಗಂಗಾವತಿಯ ಒಬ್ಬ ಮೇಡಂ. ಬಾಣಂತನದ ತುಪ್ಪ ಮೈಗೆ ಹತ್ತಿ ಇಳಿಯದೆ ಕುಳಿತಾಗ, ಹೀಗೇ ಇದ್ದರೆ ಈ ವಯಸ್ಸಿಗೇ ಸಕ್ಕರೆ ಕಾಯಿಲೆ ಎಂದು ಕೊಪ್ಪಳದ ಡಾಕ್ಟರು ಹೆದರಿಸಿದ್ದರು. ಮೇಡಂ ಹೆದರಿಸಲಿಲ್ಲ. ರೊಟ್ಟಿಗೆ ಎರಡು, ಎಣ್ಣೆಯ ಚಮಚಕ್ಕೆ ಒಂದು, ಶೇಂಗಾ ಹೋಳಿಗೆಗೆ ಏಳು, ಸೌತೆಕಾಯಿಗೆ ಏನೂ ಇಲ್ಲ ಎಂದು ನಗುನಗುತ್ತ ಹೇಳಿಕೊಟ್ಟರು. ಒಗ್ಗರಣೆ ಇಲ್ಲದೆ ಪುಂಡಿಪಲ್ಯ ರುಚಿಯಾಗುವ ಬಗೆ ತೋರಿಸಿದರು. ಆರನೇ ಇಯತ್ತೆಗೇ ಶಾಲೆ ಬಿಟ್ಟ ಸುನಿತಾ ದಿನಾ ಬೆಳಿಗ್ಗೆ ಒಂದು ಬಟ್ಟಲಿಗೆ ಪಾಯಿಂಟಿಗೊಂದರಂತೆ ಹುಣಸೆ ಬೀಜ ಹಾಕಿಡುವಳು. ಉಂಡಷ್ಟು ಬೀಜ ಇನ್ನೊಂದು ಬಟ್ಟಲಿಗೆ ಹೋಗಬೇಕು. ಬೀಜ ಮುಗಿದರೆ ಬಾಯಿಗೆ ಬೀಗ.

"ಸಾಲ್ಯಾಗ ತಗೀಲಾರದ ಮಾರ್ಕ್ಸ್ ಅಡಗಿಮನ್ಯಾಗ ತಗೀತಾಳ ನಮ್ಮ ಸೊಸಿ" ಎಂದು ಮುದಕಮ್ಮ ಓಣಿಯ ತುಂಬ ನಗೆಯಾಡುತ್ತಿದ್ದಳು.

ಸುನಿತಾ ಒಳಗೊಳಗೇ ಕುದಿಯುತ್ತಿದ್ದಳು. ನಿಜವಾಗಿಯೂ ತೂಕ ಇಳಿದಿದೆಯೋ, ಇಲ್ಲವೋ? ಕುಪ್ಪಸ ಸಡಿಲಾಗಿತ್ತು ನಿಜ, ಒಗೆದು ಒಗೆದು ಅರಿವೆಯೂ ಸಡಿಲಾಗುತ್ತದೆ. ಕೊಪ್ಪಳದ ಔಷಧಿ ಅಂಗಡಿಯ ಮುಂದೆ ತೂಕದ ಯಂತ್ರವಿತ್ತು, ನಾಲ್ಕು ಮಂದಿಯ ಎದುರು ಅದರ ಮೇಲೆ ಹತ್ತಲು ನಾಚಿಕೆ. ಇವತ್ತು ಮಾತ್ರ ನಾಚಿದರೂ ಬಿಡುವಂತಿರಲಿಲ್ಲ. ಹೆರಿಗೆ ನೋವು ತಡೆದು ನಿಂತ ದಿನ, ಎರಡು ಜೀವ ಸುಖವಾಗಿ ಬೇರೆಯಾದರೆ ಸೊಸೆಯ ತೂಕದ ಬೆಲ್ಲ ಕೊಡುತ್ತೇನೆಂದು ಮುದಕಮ್ಮ ಊರ ದುರ್ಗಮ್ಮನಿಗೆ ಹರಕೆ ಹೊತ್ತಿದ್ದಳು. ಆವತ್ತು ನರ್ಸಬಾಯಿ ಹೇಳಿದ ತೂಕವನ್ನು ನೆನಪಿಟ್ಟು, ಅಷ್ಟೇ ಬೆಲ್ಲ ತರಿಸಿದ್ದಳು. ಇವತ್ತು ಗುಡಿಯ ತಕ್ಕಡಿ ಏನು ಹೇಳುತ್ತದೋ?

ಗುಡಿಯ ತೊಲೆಗೆ ತಕ್ಕಡಿ ತೂಗುಬಿಟ್ಟಿದ್ದರು. ಒಂದು ಹಲಗೆಯ ಮೇಲೆ ಬೆಲ್ಲವೆಲ್ಲ ಕುಳಿತಿತು. ಇನ್ನೊಂದರ ಮೇಲೆ ಸುನಿತಾ ಸೆರಗು ಬಿಗಿಮಾಡಿ ಕುಳಿತಳು. ಹಿಡಿದಿದ್ದ ಹಗ್ಗವನ್ನು ಪೂಜಾರಿ ಗೋಣೆಪ್ಪ ಬಿಟ್ಟನೋ ಇಲ್ಲವೋ, ಅವಳ ಹಲಗೆ ಜೋಕಾಲಿಯಂತೆ ಭರ್ರನೆ ಮೇಲೆದ್ದಿತು! ಕಾಲು ನೆಲ ಬಿಟ್ಟವು. ತಲೆ ದೀಪದ ಸರಪಳಿಗೆ ತಾಗಿತು. ಯಾರ ಎದುರೂ ತಲೆ ಎತ್ತದ ಹುಡುಗಿ ಗುಡಿ ತುಂಬಿದ ಮಂದಿಯ ನೆತ್ತಿಯ ಮೇಲೆ ಕುಳಿತು ಗಟ್ಟಿಯಾಗಿ ನಕ್ಕುಬಿಟ್ಟಳು.

"ಬೆಲ್ಲ ಹೆಚ್ಚಾತಲ್ಲ ಮುದಕವ್ವ. ಒಂದ ಪೆಂಟಿ ತಗೀಲೇನು?" ಗೋಣೆಪ್ಪ ಕೇಳಿದ.

"ತಗೀರಿ ಅಜ್ಜಾರ, ತಗೀರಿ!" ಮೇಲಿನಿಂದ ಸುನಿತಾ ಕೂಗಿದಳು. "ಎಷ್ಟ ತಗದ್ರ ಸಮ ಆಗತೈತಿ ನೋಡೂಣು. ಅಷ್ಟ ನಾ ಇಳದೀನಿ!"

"ಯಾರೂ ಕೈ ಹಚ್ಚಬ್ಯಾಡ್ರಿ!" ಮುದಕಮ್ಮ ಬೆಲ್ಲಕ್ಕೆ ಅಡ್ಡ ನಿಂತಳು. "ತಾಯಿ ಹೆಸರಿಲೆ ತಂದದ್ದು ಮನಿಗೆ ಹೊಳ್ಳಿ ಒಯ್ಯಾಕ ಬರ್ತೈತೇನು? ಹೇಳಿದಷ್ಟು ಕೊಡಬೇಕು."

ಮುದಕಮ್ಮನ ಮೊಮ್ಮಗನನ್ನು ಕಂಕುಳಲ್ಲಿ ಎತ್ತಿಕೊಂಡಿದ್ದ ನೆರೆಮನೆಯ ಫಕೀರಮ್ಮ ಸುಮ್ಮನಿರಲಿಲ್ಲ. "ಬೆಲ್ಲದ ಮಾತು ಹಾಳಾಗ್ಲಿ, ಸೊಸಿಗೆ ಉಣ್ಣಾಕ ಹಾಕ್ತೀಯೋ ಇಲ್ಲೋ ಅದನ್ನ ಹೇಳ ಬೇ!"

"ನಾ ಹಾಕ್ತೀನಿ, ಆ ಫೋನು ಉಣ್ಣಾಕ ಬಿಡವಲ್ದು!"

ಗುಡಿಯೆಲ್ಲ ನಕ್ಕಿತು. ಮುದಕಮ್ಮನ ಮುಖ ಮಾತ್ರ ಸಪ್ಪಗಾಯಿತು. ಕೊಟ್ಟ ಮಾತು, ಮೇಲೇರಿದ ಸೊಸೆ, ಕೆಳಗೆ ಕುಳಿತ ಬೆಲ್ಲ. ಮೂರನ್ನೂ ನೋಡುತ್ತ ನಿಂತವಳು ಫಕ್ಕನೆ ತಿರುಗಿ ಫಕೀರಮ್ಮನ ಕಂಕುಳಿಂದ ಮೊಮ್ಮಗನನ್ನು ಕಿತ್ತುಕೊಂಡಳು.

"ನಾ ಹರಕಿ ಹೊತ್ತಾಗ ಈ ಕೂಸು ಎಲ್ಲಿತ್ತು ಹೇಳ್ರಿ? ಆಕಿ ಹೊಟ್ಟ್ಯಾಗ! ನರ್ಸಬಾಯಿ ತೂಗಿದ್ದು ಇಬ್ಬರನ್ನೂ!"

ಗೋಣೆಪ್ಪ "ಖರೇ ಐತಿ" ಎಂದ.

ಹಲಗೆಯನ್ನು ಎಳೆದು ಹಿಡಿದು, ಸುನಿತಾಳ ತೊಡೆಯ ಮೇಲೆ ಕೂಸನ್ನು ಕೂರಿಸಿದರು. ಹಾಲು ಕುಡಿದು, ರಾಗಿ ಗಂಜಿ ಉಂಡು ಗುಂಡಗೆ ಬೆಳೆದಿದ್ದ ಕೂಸು ಅದು. ಕೈ ಬಿಟ್ಟಾಗ ತಕ್ಕಡಿ ಒಮ್ಮೆ ಅತ್ತ, ಒಮ್ಮೆ ಇತ್ತ ವಾಲಾಡಿ ಗೆರೆ ಎಳೆದಂತೆ ಸಮನಾಗಿ ನಿಂತಿತು. ಒಂದು ಚಿಟಿಕೆ ಹೆಚ್ಚಿಲ್ಲ, ಕಡಿಮೆಯಿಲ್ಲ.

"ಉಧೋ ಉಧೋ!" ಮಂದಿ ಕೂಗಿದರು. ಗೋಣೆಪ್ಪ ಓಡಿಹೋಗಿ ಗಂಟೆ ಬಾರಿಸತೊಡಗಿದ. ಮುದಕಮ್ಮ ಅಳುತ್ತ ನಗುತ್ತ ಭಂಡಾರದ ಅರಿಶಿನ ತೂರಿದಳು. ಸೊಸೆಯ ಹಣೆಗೂ ಬೆಲ್ಲಕ್ಕೂ ಮೆತ್ತಿದಳು. ತಾಯಿ ಪವಾಡ ಮಾಡಿದಳೆಂದು ಫಕೀರಮ್ಮ ಎರಡೂ ಕೈಯಿಂದ ಗಲ್ಲ ಬಡಿದುಕೊಂಡಳು.

ಸುನಿತಾಳ ಕಾಲು ಇನ್ನೂ ನೆಲಕ್ಕೆ ತಾಗಿರಲಿಲ್ಲ. ಅವಳು ಗೋಣೆಪ್ಪನಿಗೆ ಏನೋ ಹೇಳಿದಳು. ಗಂಟೆ ನಿಲ್ಲಲಿಲ್ಲ. ಮುದಕಮ್ಮ ಬೆಲ್ಲ ಒಡೆದು ಹಂಚಲು ಕಲ್ಲು ಹುಡುಕುತ್ತಿದ್ದಳು. ಸುನಿತಾ ಕೂಸನ್ನು ತೊಡೆಯಿಂದ ಎತ್ತಿ, ಯಾರಾದರೂ ಹಿಡಿದುಕೊಳ್ಳಲಿ ಎಂದು ಮುಂದೆ ಚಾಚಿದಳು. ಈ ಸಲ ತನ್ನ ದನಿ ತನಗೇ ಕೇಳುವಷ್ಟು ಗಟ್ಟಿಯಾಗಿ ಅಂದಳು:

"ಅತ್ತಿ, ಒಂದ ಸಲ ನನ್ನೊಬ್ಬಾಕೀನ್ನ ತೂಗ್ರಿ."