ಅಮ್ಮನ ದನಿಗೆ ಎಷ್ಟು ವಾಟ್?

"ಅಂಗಡೀಲಿರೋದ್ರಲ್ಲಿ ಎಲ್ಲಕ್ಕಿಂತ ದೊಡ್ಡದು ಯಾವ್ದು? ಅದನ್ನ ಕೊಡಿ," ಎಂದಳು ಮೆರಿಕೆ, ಕೋಟಿನ ಮೇಲಿನ ಹಿಮವನ್ನೂ ಕೊಡವದೆ.

ಕೇಳಿ ಅಂಗಡಿಯ ವಿಲ್ಲು ಹಿಗ್ಗಬೇಕಿತ್ತು. ಕಿಟಕಿಯ ಪಕ್ಕದ ಆ ದೈತ್ಯ ಪವರ್ ಆಂಪ್ಲಿಫೈಯರನ್ನು ಕೇಳುವವರಿಲ್ಲದೆ ಬೆಕ್ಕು ಅದನ್ನೇ ಹಾಸಿಗೆ ಮಾಡಿಕೊಂಡಿತ್ತು. ಎಸ್ಟೋನಿಯಾದ ವಿಲ್ಯಾಂದಿಯಂಥ ಸಣ್ಣ ಊರಿನಲ್ಲಿ ಸ್ಟೀರಿಯೊ ಅಂಗಡಿ ಇಟ್ಟವನು, ಗಿರಾಕಿ ತಾನಾಗಿ ದೊಡ್ಡದನ್ನು ಕೇಳಿದರೆ ಕಟ್ಟಿಕೊಟ್ಟು ತೆಪ್ಪಗಿರಬೇಕು. ಆದರೆ ವಿಲ್ಲುವಿನ ಬಾಯಿ ಎಂದೂ ಅವನ ಮಾತು ಕೇಳಿದ್ದಿಲ್ಲ. ಕೋಣೆ ಎಷ್ಟು ದೊಡ್ಡದು, ಸ್ಪೀಕರ್ ಯಾವುದು, ಇಷ್ಟು ದಿನ ಏನಿತ್ತು ಎಂದು ವಿಚಾರಿಸತೊಡಗಿದ. ಇಷ್ಟು ದಿನ ಏನೂ ಇರಲಿಲ್ಲವಂತೆ. ಅಡುಗೆಮನೆಗೆ ಅಂಟಿಕೊಂಡ ಪುಟ್ಟ ಕೋಣೆ. ಈಗ ಅವಳ ತಮ್ಮ ಕೊಟ್ಟ ರೆಕಾರ್ಡ್ ಪ್ಲೇಯರ್, ಅದರ ಸಣ್ಣ ಸದ್ದನ್ನು ಹದಮಾಡುವ ಪ್ರೀಆಂಪ್, ಒಂದು ಜೊತೆ ಸಣ್ಣ ಸ್ಪೀಕರ್. ಸ್ಪೀಕರಿಗೆ ಬಲ ತುಂಬುವ ಪೆಟ್ಟಿಗೆಯೊಂದೇ ಬಾಕಿ.

"ಆ ಸ್ಪೀಕರಿಗೆ ಇದನ್ನ ಹಾಕಿದ್ರೆ, ಹಸು ಕಟ್ಟೋ ಹಗ್ಗದಲ್ಲಿ ಬೆಕ್ಕು ಕಟ್ಟಿದ ಹಾಗಾಗತ್ತೆ," ಎಂದ.

ಮೆರಿಕೆ ನಗಲಿಲ್ಲ. ಚೀಲದಿಂದ ಒಂದು ಹಳೆಯ ರೆಕಾರ್ಡ್ ತೆಗೆದು ಮೇಜಿನ ಮೇಲಿಟ್ಟಳು. ವಿಲ್ಲುವಿಗೆ ಹೊದಿಕೆ ನೋಡುತ್ತಲೇ ಗುರುತು ಸಿಕ್ಕಿತು. ಊರಿನವರೆಲ್ಲ ಸೇರಿ ಹಾಡುವ ಹಾಡುಮೇಳದ್ದು, ಅಂದರೆ ಕಾಯರ್‌ನದು. ಚಿತ್ರದಲ್ಲಿ ಹಿಂದಿನ ಸಾಲಿನಲ್ಲಿ, ತಲೆತುಂಬ ಕೂದಲಿದ್ದ ಅವನೂ ಇದ್ದ. ಅವನ ಮುಂದೆಯೇ, ಕೆಳದನಿಯ ಹೆಂಗಸರ ಸಾಲಿನಲ್ಲಿ, ಮೆರಿಕೆಯ ಅಮ್ಮ ಹೆಲ್ವೆ.

"ಅಮ್ಮನ ಮುಖ ನೆನಪಿದೆ, ಕೈ ನೆನಪಿದೆ. ದನಿ ಮರೀತಾ ಇದೆ," ಎಂದಳು ಮೆರಿಕೆ. "ಮೊನ್ನೆ ಎಷ್ಟು ಕೂತು ಯೋಚಿಸಿದ್ರೂ ಬರ್ಲಿಲ್ಲ. ಅವಳ ದನಿ ಇರೋದು ಇದೊಂದ್ರಲ್ಲೇ. ಒಳ್ಳೆ ಬಲ ಇರೋ ಆಂಪ್ಲಿಫೈಯರ್ ಇದ್ರೆ ಒಬ್ಬೊಬ್ಬರ ದನಿನೂ ಬೇರೆ ಬೇರೆ ಕೇಳತ್ತೆ ಅಂತ ಇಂಟರ್‌ನೆಟ್ಟಲ್ಲಿ ಯಾರೋ ಬರೆದಿದ್ರು."

ಬರೆದ ಆ ಮಹಾರಾಯನನ್ನು ವಿಲ್ಲು ಮನಸ್ಸಿನಲ್ಲೇ ಬೈದುಕೊಂಡ. ವಾಟ್ ಹೆಚ್ಚಾದರೆ ಸದ್ದು ಹೆಚ್ಚುತ್ತದೆ, ಅಷ್ಟೇ. ಮೇಳಕ್ಕೆ ಮೇಳವೇ ಜೋರಾಗುತ್ತದೆ, ಹೆಲ್ವೆಯೊಬ್ಬಳೇ ಮುಂದೆ ಬರುವುದಿಲ್ಲ ಎಂದು ಆದಷ್ಟು ಮೆತ್ತಗೆ ಹೇಳಿದ. ಅದರಲ್ಲೂ ಹೆಲ್ವೆ! ಯಾರ ದನಿಯೂ ಎದ್ದು ಕೇಳಬಾರದು ಎಂಬುದೇ ಮೇಳದ ಮೊದಲ ಪಾಠ. ಅದನ್ನು ಅವಳಷ್ಟು ಚೆನ್ನಾಗಿ ಕಲಿತವರಿರಲಿಲ್ಲ. ಅವಳು ತೀರಿಕೊಂಡ ವಾರ ವಿಲ್ಲುವೂ ಇದೇ ರೆಕಾರ್ಡ್ ಹಾಕಿ ಹುಡುಕಿದ್ದ. ಸಿಕ್ಕಿರಲಿಲ್ಲ. ಅದನ್ನು ಮಾತ್ರ ಅವನು ಹೇಳಲಿಲ್ಲ.

"ನೀವಾದ್ರೂ ಹಾಡ್ತಿದ್ರೆ ಮೇಳಕ್ಕೆ ಬಂದು ಆ ಸಾಲಲ್ಲೇ ನಿಲ್ಲಬಹುದಿತ್ತು," ಎಂದ, ಸಮಾಧಾನಕ್ಕೆ.

"ನಾನಾ? ಶಾಲೇಲಿ ನಾನು ಬಾಯಿ ತೆಗೆದ್ರೆ ಎಲ್ರೂ ನಗ್ತಿದ್ರು. ಅಮ್ಮ ಮನೇಲಿ ಅಭ್ಯಾಸ ಮಾಡ್ತಿದ್ದಿದ್ದು ಅವಳ ಕೆಳದನಿ ಸಾಲು ಮಾತ್ರ, ಧಾಟಿಗೆ ಜೊತೆ ಕೊಡೋ ಬೇರೆ ಸ್ವರ. ಹಾಡು ಅಂದ್ರೆ ಅದೇ ಅಂದ್ಕೊಂಡಿದ್ದೆ ನಾನು. ನಿನಗೆ ಧಾಟಿನೇ ಬರಲ್ಲ, ಸುಮ್ನೆ ನಿಂತ್ಕೋ ಅಂದ್ರು ಟೀಚರ್. ಇವತ್ತಿಗೂ ಸುಮ್ನೇ ಇದೀನಿ."

ಆದರೂ ಅವಳು ಕೇಳಿಯೇ ಹೋಗುತ್ತೇನೆಂದು ಹಟ ಹಿಡಿದಳು. ಅವಳ ಮನೆಯಲ್ಲಿರುವಂಥದೇ ಸ್ಪೀಕರ್ ಹುಡುಕಿ ವಿಲ್ಲು ದೈತ್ಯನಿಗೆ ಜೋಡಿಸಿದ. ಇನ್ನೂ, ಇನ್ನೂ ಎನ್ನುತ್ತ ಅವಳು ವಾಲ್ಯೂಮ್ ಏರಿಸಿದಳು. ಕಿಟಕಿಯ ಗಾಜು ನಡುಗಿತು, ಬೆಕ್ಕು ಎದ್ದುಬಿದ್ದು ಓಡಿತು, ಅಮ್ಮ ಸಿಗಲಿಲ್ಲ. ನಡುವಿನ ಗಾತ್ರದ್ದಕ್ಕೂ ಅದೇ ಕಥೆ. ಮೆರಿಕೆಯ ಕಣ್ಣು ತುಂಬಿಬಂತು. ಕೊನೆಗೆ ವಿಲ್ಲು ಮೇಲಿನ ಕಪಾಟಿನಿಂದ, ನಿಜಕ್ಕೂ ಅವಳ ಕೋಣೆಗೆ ತಕ್ಕದ್ದಾದ, ರೊಟ್ಟಿ ಡಬ್ಬಿಯಷ್ಟೇ ಇದ್ದ ಒಂದು ಪುಟ್ಟ ಆಂಪ್ಲಿಫೈಯರ್ ಇಳಿಸಿದ. ಇದನ್ನು ಜೋರಾಗಿ ಕೇಳಬೇಡಿ, ಕಣ್ಣು ಮುಚ್ಚಿ ಸುಮ್ಮನೆ ಕೂತು ಕೇಳಿ ಎಂದ.

ಹಾಡು ಮೆಲ್ಲಗೆ ಶುರುವಾಯಿತು. ಮೇಳದ ಹಾಡು ಕೇಳಿಸಿ ಬಾಯಿ ಮುಚ್ಚಿಕೊಂಡಿರಿ ಎಂದರೆ ಎಸ್ಟೋನಿಯಾದವರಿಗೆ ಅದು ಆಗದ ಮಾತು. ದೊಡ್ಡ ಸದ್ದಿನ ಮುಂದೆ ಮುದುಡಿ ಕೂತಿದ್ದ ಮೆರಿಕೆಯ ತುಟಿಗಳು ಈಗ ಅವಳಿಗೇ ತಿಳಿಯದಂತೆ ಅಲ್ಲಾಡತೊಡಗಿದವು. ಮೊದಲು ಬರೀ ಉಸಿರು, ಆಮೇಲೆ ಗುನುಗು. ಧಾಟಿಯಲ್ಲ, ಅದರ ಕೆಳಗಿನ ಸಾಲು. ತಂತಿಗಳನ್ನು ಸುತ್ತಿಡುತ್ತಿದ್ದ ವಿಲ್ಲು ನಿಂತಲ್ಲೇ ನಿಂತ. ಎಷ್ಟೋ ವರ್ಷ ಆ ದನಿಯ ಬೆನ್ನಿಗೆ ನಿಂತು ಹಾಡಿದವನು ಅವನು, ಹೆಲ್ವೆಯ ಗುರುತು ಸಿಕ್ಕೇಬಿಟ್ಟಿತು. ಇನ್ನಷ್ಟು ಕೇಳಬೇಕೆನಿಸಿ, ಅವನ ಕೈ ತಾನಾಗಿ ವಾಲ್ಯೂಮಿನ ಮೇಲೆ ಹೋಯಿತು. ಒಂದಿಷ್ಟು ತಗ್ಗಿಸಿದ. ಇನ್ನೊಂದಿಷ್ಟು ತಗ್ಗಿಸಿದ.

ಹಾಡು ಮುಗಿದಾಗ ಮೆರಿಕೆ ಕಣ್ಣು ತೆರೆದಳು. ಮುಖ ಒದ್ದೆಯಾಗಿತ್ತು, ನಗುತ್ತಿದ್ದಳು.

"ಸಿಕ್ಕಳು," ಎಂದಳು. "ಅಮ್ಮನೇ. ಉಳಿದವರೆಲ್ಲ ಒಬ್ಬೊಬ್ಬರಾಗಿ ಪಕ್ಕಕ್ಕೆ ಸರಿದು ಅವಳಿಗೆ ದಾರಿ ಬಿಟ್ಟ ಹಾಗಿತ್ತು. ಇದನ್ನೇ ಕಟ್ಟಿಕೊಡಿ ವಿಲ್ಲು ಅವ್ರೇ. ಇದು ಎಷ್ಟು ವಾಟಿಂದು?"

ವಿಲ್ಲು ಆಂಪ್ಲಿಫೈಯರಿನ ಆರಿದ ದೀಪದ ಕಡೆ ಬೆರಳು ತೋರಿಸಿದ.

"ಎರಡನೇ ಚರಣದಲ್ಲೇ ಆಫ್ ಮಾಡಿದ್ದೆ, ಮೆರಿಕೆ."