ಗಡಿ ದಾಟಿದ ಮಂಚ

ಮೈನ್ರಾಡ್ ಕೊಟ್ಟಿಗೆಯಲ್ಲಿ ಹಾಲು ಕರೆಯುತ್ತ ಕೂತಿದ್ದಾಗಲೇ ಪಂಚಾಯ್ತಿ ಅಧ್ಯಕ್ಷನಾಗಿಬಿಟ್ಟಿದ್ದ. ಸುದ್ದಿ ಹೊತ್ತು ಏದುಸಿರು ಬಿಡುತ್ತ ಓಡಿಬಂದವನು ಬಾಲ್ಜ್. ಬ್ರುನ್‌ಮಾಟ್ ಊರಿನ ಪಂಚಾಯ್ತಿ ಕಾರ್ಯದರ್ಶಿ ಅವನೇ, ಅಂಚೆಯವನೂ ಅವನೇ, ಚಳಿಗಾಲದಲ್ಲಿ ರಸ್ತೆಯ ಹಿಮ ಬಾಚುವವನೂ ಅವನೇ.

"ಎಲ್ಲರೂ ಕೈ ಎತ್ತಿದ್ರು ಕಣೋ! ಒಂದು ಕೈನೂ ಕೆಳಗಿರಲಿಲ್ಲ!"

"ನಾನು ಸಭೆಗೇ ಬಂದಿಲ್ವಲ್ಲೋ!"

"ಅದೇ ನೀನು ಮಾಡಿದ ತಪ್ಪು. ಬಂದೋರೆಲ್ಲ ಬಂದಿದ್ದೇ ತಪ್ಪಿಸ್ಕೊಳ್ಳೋಕೆ."

"ಯಾವ ಪುಣ್ಯಾತ್ಮ ನನ್ನ ಹೆಸರು ಹೇಳಿದ್ದು?"

"ಪುಣ್ಯಾತ್ಮ ಅಲ್ಲ, ಪುಣ್ಯಾತ್ಗಿತ್ತಿ. ನಿನ್ನ ಮನೇಲೇ ಇದಾಳೆ, ಹೋಗಿ ಕೇಳು."

ಬ್ರುನ್‌ಮಾಟ್‌ನ ಜನರನ್ನೆಲ್ಲ ಒಂದೇ ಬಸ್ಸಿಗೆ ಹತ್ತಿಸಬಹುದು. ಅಧ್ಯಕ್ಷನಾಗು ಅಂದರೆ ಮಾತ್ರ ಆ ಬಸ್ಸು ಖಾಲಿ. ಅದಕ್ಕೇ ಅಲ್ಲಿ ಹಳೇ ಕಾನೂನೊಂದಿದೆ: ಊರು ಆರಿಸಿದವನು ಒಲ್ಲೆ ಅನ್ನುವಂತಿಲ್ಲ. ಒಲ್ಲೆ ಅನ್ನಬೇಕಾದರೆ ಕಾಯಿಲೆ ಬಿದ್ದಿರಬೇಕು, ಇಲ್ಲವೇ ಹಣ್ಣು ಹಣ್ಣು ಮುದುಕನಾಗಿರಬೇಕು, ಇಲ್ಲವೇ ಆ ಊರವನೇ ಆಗಿರಬಾರದು. ಮೈನ್ರಾಡನದು ಗುಂಡುಕಲ್ಲಿನಂಥ ಮೈ. ವಯಸ್ಸೂ ಐವತ್ತು ದಾಟಿ ಬಹಳವಾಗಿಲ್ಲ. ಚರಂಡಿ ತಕರಾರು, ಚರ್ಚಿನ ಗಂಟೆ ಜೋರಾಯಿತೆಂಬ ತಕರಾರು, ಪಕ್ಕದ ಮನೆಯ ಹುಂಜದ ತಕರಾರು, ಇವನ್ನೆಲ್ಲ ವರ್ಷಗಟ್ಟಲೆ ಕೂತು ಕೇಳಬೇಕಲ್ಲ ಎಂದು ನೆನೆದವನೇ ಹಾಲಿನ ಪಾತ್ರೆ ಅಲ್ಲೇ ಬಿಟ್ಟು ಎದ್ದ.

"ನಾನು ನಿನಗೇನೇ ಅನ್ಯಾಯ ಮಾಡಿದ್ದೆ?" ಎಂದು ಅಡುಗೆಮನೆಗೆ ನುಗ್ಗಿದ.

ಹೆಂಡತಿ ಜೆನ್ಸಿ ಸೇಬಿನ ಮುರಬ್ಬ ತಿರುವುತ್ತಿದ್ದಳು. "ಎಲ್ಲರೂ ಅವರವರ ಬೂಟು ನೋಡ್ಕೊಂಡು ಕೂತಿದ್ರು. ಯಾರಾದ್ರೂ ಏನಾದ್ರೂ ಹೇಳ್ಬೇಕಿತ್ತಲ್ಲ. ಹೇಳಿದೆ. ಉಪ್ಪು ಸಾಕಾ ನೋಡು."

"ಮುರಬ್ಬಕ್ಕೆ ಯಾವಳೇ ಉಪ್ಪು ಹಾಕ್ತಾಳೆ?"

"ನೋಡಿದ್ಯಾ, ಅಧ್ಯಕ್ಷನ ಥರಾನೇ ಮಾತಾಡ್ತಿದೀಯ."

ಮೈನ್ರಾಡ್ ಅವತ್ತು ಊಟ ಬಿಟ್ಟು ಗೋಡೆ ನೋಡುತ್ತ ಕೂತ. ನೋಡುತ್ತ ನೋಡುತ್ತಲೇ ಉಪಾಯ ಹೊಳೆಯಿತು. ಅವನ ಮನೆಯ ಹೊಟ್ಟೆಯೊಳಗೇ ಎರಡು ಊರಿನ ಗಡಿ ಹಾದುಹೋಗಿತ್ತು. ಅಡುಗೆಮನೆ, ಮಲಗುವ ಕೋಣೆ ಬ್ರುನ್‌ಮಾಟ್‌ಗೆ ಸೇರಿದ್ದು. ಹಿಂದುಗಡೆಯ ಉಗ್ರಾಣ ಮಾತ್ರ ಪಕ್ಕದೂರು ಎಗ್ಗ್‌ವಾಲ್ಡ್‌ನದು. ಮನುಷ್ಯ ಎಲ್ಲಿ ಮಲಗುತ್ತಾನೋ ಅದೇ ಅವನ ಊರು, ಅದೂ ಕಾನೂನೇ! ಬೆಳಗಾಗುತ್ತಲೇ ತನ್ನ ಮಂಚವನ್ನು ದರದರ ಎಳೆದುಕೊಂಡು ಹೋಗಿ ಉಗ್ರಾಣದಲ್ಲಿ, ನೇತುಹಾಕಿದ ಒಣಮಾಂಸದ ಕೆಳಗೆ, ಗಾಲಿಯಾಕಾರದ ಚೀಸ್ ಗಟ್ಟಿಗಳ ಪಕ್ಕದಲ್ಲಿ ಹಾಕಿಬಿಟ್ಟ.

ಬಾಲ್ಜ್ ಬಂದು ಅಂಗಳದ ಗಡಿಕಲ್ಲು ನೋಡಿದ, ಮಂಚ ನೋಡಿದ, ಕಿವಿ ಕೆರೆದುಕೊಂಡ. "ಸರಿಯಾಗೇ ಇದೆ ಬಿಡು. ನೀನೀಗ ಪರವೂರಿನೋನು. ನಮಗೆ ಇನ್ನೊಂದು ಸಭೆ ಗತಿ."

ಆ ಇನ್ನೊಂದು ಸಭೆಯಿಂದ ಜೆನ್ಸಿ ಅಧ್ಯಕ್ಷೆಯಾಗಿ ಮನೆಗೆ ಬಂದಳು. ಮೈನ್ರಾಡ್ ಹೊಟ್ಟೆ ಹಿಡಿದುಕೊಂಡು ನಕ್ಕ. "ನಾನು ತಪ್ಪಿಸ್ಕೊಂಡೆ, ನೀನು ಸಿಕ್ಕಿಹಾಕ್ಕೊಂಡೆ! ತೋಡಿದ ಹಳ್ಳಕ್ಕೆ ತಾನೇ ಬಿದ್ಲಪ್ಪಾ!"

ಆ ನಗು ಜೂನ್ ತಿಂಗಳ ತನಕ ಬಾಳಿತು. ಹಸುಗಳು ಬೆಟ್ಟದ ಮೇಲಿನ ಹುಲ್ಲುಗಾವಲಿಗೆ ಹೊರಡುವ ಹಿಂದಿನ ದಿನ ಅವನು ಹಸುವಿನ ಕೊರಳಿಗೆ ಕಟ್ಟುವ ದೊಡ್ಡ ಗಂಟೆ ಉಜ್ಜಿ ಫಳಫಳ ಹೊಳೆಸುತ್ತಿದ್ದಾಗ ಜೆನ್ಸಿ ಅಡುಗೆಮನೆಯ ಮೇಜಿನಿಂದ ತಲೆ ಎತ್ತಿ ಕೇಳಿದಳು:

"ಯಾವ ಬೆಟ್ಟಕ್ಕೆ ಹೊರಟಿದೀಯ?"

"ಯಾವ ಬೆಟ್ಟ ಅಂದ್ರೆ? ನಮ್ಮ ಬೆಟ್ಟಕ್ಕೆ!"

"ಅದು ಬ್ರುನ್‌ಮಾಟ್‌ನೋರ ಬೆಟ್ಟ. ಎಗ್ಗ್‌ವಾಲ್ಡ್‌ನೋರ ಹಸುಗೆ ಅಲ್ಲಿ ಜಾಗ ಇಲ್ಲ."

"ನಿನ್ನ ಗಂಡ ಕಣೇ ನಾನು!"

"ಗಂಡನಿಗೆ ಕಾಫಿ ಇದೆ, ರೊಟ್ಟಿ ಇದೆ. ಹುಲ್ಲು ಊರಿಂದು."

ಮೈನ್ರಾಡ್ ಗಂಟೆ ಕೆಳಗಿಟ್ಟ. ಎಗ್ಗ್‌ವಾಲ್ಡ್‌ಗೆ ಬೆಟ್ಟದ ಹುಲ್ಲುಗಾವಲೇ ಇರಲಿಲ್ಲ. ಬೇಸಿಗೆಯಿಡೀ ಹಸುಗಳನ್ನು ಕೆಳಗೇ ಕಟ್ಟಿ ಮೇಯಿಸಿದರೆ ಚಳಿಗಾಲಕ್ಕೆ ಒಂದು ಹಿಡಿ ಹುಲ್ಲೂ ಉಳಿಯುವುದಿಲ್ಲ. ಅವನು ಹೊಸಿಲಿನಾಚೆ ಉಗ್ರಾಣದಲ್ಲೇ ನಿಂತು ಗಂಟಲು ಸರಿಮಾಡಿಕೊಂಡ. "ಅಲ್ಲ... ನಾನೀಗ ವಾಪಸ್ ಬಂದ್ರೆ, ಅಧ್ಯಕ್ಷ ಆಗಬೇಕಿಲ್ವಲ್ಲ?"

"ಇಲ್ಲ. ಆ ಕುರ್ಚಿ ತುಂಬಿದೆ."

"ಹಂಗಾದ್ರೆ ಹಿಡಿ ಆ ಕಡೆ."

ಇಬ್ಬರೂ ಮಂಚದ ಒಂದೊಂದು ತುದಿ ಹಿಡಿದು ಎತ್ತಿದರು. ಅದು ಬಾಗಿಲಲ್ಲಿ ಸಿಕ್ಕಿಕೊಂಡಿತು. ಅರ್ಧ ಆ ಊರಲ್ಲಿ, ಅರ್ಧ ಈ ಊರಲ್ಲಿ. ಓರೆ ಮಾಡಿ ಎಳೆಯುತ್ತ ಮೈನ್ರಾಡ್ ಮೊದಲ ಸಲ ಅವಳ ಮುಖವನ್ನು ಸರಿಯಾಗಿ ನೋಡಿದ. ಪಾಪ ಅನ್ನಿಸಿತು. "ನಾನು ಓಡಿಹೋಗಿದ್ದಕ್ಕೆ ಈ ಹಾಳು ಹೊರೆ ನಿನ್ನ ತಲೆ ಮೇಲೆ ಬಿತ್ತಲ್ಲೇ."

"ಹೊರೆನಾ?" ಜೆನ್ಸಿ ಮಂಚ ಕೆಳಗಿಳಿಸಿದಳು. "ಮೊದಲನೇ ಸಭೇಲೇ ಎದ್ದು ನಿಂತು, ನಾನಾಗ್ತೀನಿ ಅಂದೆ ಕಣೋ. ತಮಾಷೆ ಮಾಡ್ತಿದಾಳೆ ಅಂತ ಎಲ್ಲರೂ ನಕ್ಕರು. ಆ ಬಾಲ್ಜ್ ಅಂತೂ ಮೇಜು ಕುಟ್ಟಿ ನಕ್ಕ. ಆಮೇಲೇ ನಿನ್ನ ಹೆಸರು ಹೇಳಿದ್ದು. ಎರಡನೇ ಸಭೆ ಹೊತ್ತಿಗೆ ಒಬ್ಬರಿಗೂ ನಗು ಬರಲಿಲ್ಲ."

ಮೈನ್ರಾಡ್ ತನ್ನ ಕಡೆಯ ತುದಿಯನ್ನೂ ಕೆಳಗಿಳಿಸಿದ. "ನಾನು... ನಾನು ಒಪ್ಕೊಂಡುಬಿಟ್ಟಿದ್ರೆ?"

"ನೀನಾ?" ಅಂದಳು ಜೆನ್ಸಿ. "ಮೊದಲನೇ ಸಭೆಗೆ ಹೊರಡೋ ಮುಂಚೇನೇ ಉಗ್ರಾಣ ಗುಡಿಸಿ, ಚೀಸೆಲ್ಲ ಗೋಡೆಗೆ ಒತ್ತರಿಸಿ, ನಿನ್ನ ಮಂಚಕ್ಕೆ ಜಾಗ ಮಾಡಿಟ್ಟು ಹೋಗಿದ್ದೆ."