ಎರಡು ವರ್ಷದ ಅನುಭವ

ಫೋನಿನಲ್ಲಿದ್ದ ಮ್ಯಾನೇಜರ್ ಸುಳ್ಳು ಹೇಳುತ್ತಿದ್ದಳು. ಅದರಲ್ಲಿ ಅನುಮಾನವೇ ಇರಲಿಲ್ಲ.

“ಹೌದು ಮೇಡಂ, ಆ ಹುಡುಗ ನಮ್ಮ ಕಾರ್ಖಾನೆಯಲ್ಲಿ ಎರಡು ವರ್ಷ ಇದ್ದ. ತುಂಬಾ ನಂಬಿಕಸ್ಥ.”

ಈ ಕಡೆಯಿಂದ ಪ್ರಶ್ನೆ ಕೇಳುವಾಗ ಆ ಕಡೆ ಹೊಲಿಗೆ ಯಂತ್ರ ಕಟಕಟ ಎನ್ನುತ್ತಿತ್ತು. ಉತ್ತರ ಹೇಳುವಾಗ ನಿಲ್ಲುತ್ತಿತ್ತು. ರಟ್ಟಿನ ಪೆಟ್ಟಿಗೆ ಮಾಡುವ ಕಾರ್ಖಾನೆಯ ಮ್ಯಾನೇಜರಿಗೆ ಹೊಲಿಗೆ ಯಂತ್ರದ ಮುಂದೆ ಏನು ಕೆಲಸ?

ತಪಾಸಣೆಯ ಹುಡುಗಿ ಫೋನಿಟ್ಟು ಫೈಲಿನ ಮೇಲೆ ಕೆಂಪು ಪೆನ್ಸಿಲಿನಿಂದ ಗೆರೆ ಎಳೆದಳು. ಕಂಪನಿಗಳು ಕೆಲಸಕ್ಕೆ ಸೇರಿಸಿಕೊಳ್ಳುವವರ ಕಾಗದಪತ್ರ ಸಾಚಾವೋ ಖೋಟಾವೋ ಎಂದು ನೋಡಿ ಹೇಳುವುದು ಅವಳ ಕಚೇರಿಯ ಕಸುಬು. ಸೇರಿ ಆರು ತಿಂಗಳಾಗಿದ್ದರೂ ಅವಳು ಒಂದೇ ಒಂದು ಖೋಟಾ ಹಿಡಿದಿರಲಿಲ್ಲ. ನಾಳೆ ಅವಳನ್ನು ಖಾಯಂ ಮಾಡಬೇಕೋ ಮನೆಗೆ ಕಳಿಸಬೇಕೋ ತೀರ್ಮಾನವಾಗಲಿತ್ತು. ಡಿಗ್ರಿ ಮುಗಿದ ಮೇಲೆ ವರ್ಷವಿಡೀ ಚಪ್ಪಲಿ ಸವೆಸಿ ಸಿಕ್ಕಿದ ಕೆಲಸ. ಹೋದಲ್ಲೆಲ್ಲ ಮೊದಲು ಅನುಭವ ಕೇಳಿದ್ದರು, ಆಮೇಲೆ ಹೆಸರು. ಈಗ ಅಮ್ಮ ದಿನಾ ಬಾಗಿಲಲ್ಲೇ ನಿಂತು ಕೇಳುತ್ತಿದ್ದಳು: “ಖಾಯಂ ಆಯ್ತೇನೇ?”

ಮೇಲಧಿಕಾರಿಗೆ ಕಚೇರಿಯವರು ಇಟ್ಟ ಅಡ್ಡಹೆಸರು ಭೂತಗನ್ನಡಿ. ಅವರ ಜೇಬಿನಲ್ಲಿ ಸದಾ ಒಂದು ಭೂತಗನ್ನಡಿ ಇರುತ್ತಿತ್ತು. ಅದೂ ಬೇಕಿಲ್ಲ, ಖೋಟಾ ಕಾಗದವನ್ನು ಮೂಸಿಯೇ ಹೇಳುತ್ತಾರೆ ಎಂದು ಎಲ್ಲರೂ ನಂಬಿದ್ದರು. ತಮ್ಮ ಮೊದಲ ಕೆಲಸದ ಅನುಭವ ಪತ್ರಕ್ಕೆ ಗಾಜು ಹಾಕಿಸಿ ಕುರ್ಚಿಯ ಹಿಂದಿನ ಗೋಡೆಗೆ ತೂಗುಹಾಕಿದ್ದರು. ಬೆಳಿಗ್ಗೆ ಬಂದವರು ಮೊದಲು ಅದನ್ನು ಕರವಸ್ತ್ರದಿಂದ ಒರೆಸಿಯೇ ಕೂರುತ್ತಿದ್ದರು. ಮೇಜಿನ ಈಚೆ ನಿಂತವರಿಗೆ ಆ ಗಾಜಿನಲ್ಲಿ ಕಿಟಕಿಯ ಬೆಳಕು ಬಿಟ್ಟರೆ ಏನೂ ಕಾಣುತ್ತಿರಲಿಲ್ಲ. ಆಚೆ ಹೋಗಿ ನೋಡುವ ಧೈರ್ಯ ಯಾರಿಗೂ ಇರಲಿಲ್ಲ.

“ನಿನ್ನ ಫೈಲನ್ನ ನಾನೇ ನೋಡಿದ್ದಮ್ಮ, ನೋಡಿಯೇ ತಗೊಂಡಿದ್ದು,” ಎಂದಿದ್ದರು ಬೆಳಿಗ್ಗೆ. “ಈ ಹುಡುಗನ ವಿಷಯ ನಾಳೆ ಹೇಳು. ಆಮೇಲೆ ನಿನ್ನ ವಿಷಯ.”

ಅವಳು ಫೈಲಿನ ಕೊನೆಯ ಹಾಳೆ ತಿರುವಿದಳು. ಅದು ಹುಡುಗನ ಅನುಭವ ಪತ್ರ. ಕೆಳಗೆ ದುಂಡನೆಯ ನೀಲಿ ಮುದ್ರೆ. ಮುದ್ರೆಯ ಬಲ ಅಂಚು ಇಲಿ ಕಚ್ಚಿದ ಹಾಗೆ ಮುರಿದಿತ್ತು. ಅವಳು ಫೈಲನ್ನು ತಟ್ಟನೆ ಮುಚ್ಚಿದಳು. ಕಪಾಟಿನ ತುಂಬ ಫೈಲುಗಳಿರುವಾಗ ಇದನ್ನೇ ತನಗೇಕೆ ಕೊಟ್ಟರು?

ಮಧ್ಯಾಹ್ನ ಕಾರ್ಖಾನೆಯ ವಿಳಾಸಕ್ಕೆ ಹೋದಳು. ಅಲ್ಲಿ ಖಾಲಿ ನಿವೇಶನವಿತ್ತು. ಹಗ್ಗದ ಮೇಲೆ ಯಾರದೋ ಬಟ್ಟೆ ಒಣಗುತ್ತಿತ್ತು. ಅವಳು ಹೆಚ್ಚು ಹೊತ್ತು ನಿಲ್ಲಲಿಲ್ಲ. ಎರಡು ಓಣಿ ದಾಟಿ, ಯಾರನ್ನೂ ದಾರಿ ಕೇಳದೆ, ರಬ್ಬರ್ ಸ್ಟ್ಯಾಂಪ್ ಮಾಡುವ ಮುದುಕನ ಅಂಗಡಿಯ ಮುಂದೆ ನಿಂತಳು. ಪತ್ರ ತೋರಿಸಿ, “ಈ ಹುಡುಗ ಇಲ್ಲಿಗೆ ಬಂದಿದ್ನಾ?” ಎಂದಳು.

ಮುದುಕ ಕನ್ನಡಕ ಏರಿಸಿ ಪತ್ರ ನೋಡಲಿಲ್ಲ, ಅವಳನ್ನು ನೋಡಿದ. “ಬಂದವರ ಮುಖ ನಾನು ನೆನಪಿಟ್ಕೊಳ್ಳಲ್ಲಮ್ಮ. ಮೂವತ್ತು ವರ್ಷದಿಂದ ಅಂಗಡಿ ನಡೀತಿರೋದೇ ಅದಕ್ಕೆ. ಆದ್ರೆ ನನ್ನ ಕೈಯಿಂದ ಹೋದವರು ಯಾರೂ ಕೆಟ್ಟಿಲ್ಲ. ಎಂತೆಂಥ ಕುರ್ಚಿಯಲ್ಲಿ ಕೂತಿದಾರೆ!” ಆಮೇಲೆ ನಕ್ಕು, “ಕೆಲಸ ಎಲ್ಲ ಚೆನ್ನಾಗಿ ನಡೀತಿದೆ ತಾನೆ?” ಎಂದ.

ಅವಳು ಸರಸರನೆ ಅಲ್ಲಿಂದ ಹೊರಟಳು.

ಹುಡುಗನ ಮನೆಯ ಮೆಟ್ಟಿಲಲ್ಲೇ ಕಟಕಟ ಸದ್ದು ಕೇಳಿಸಿತು. ಒಂದೇ ಕೋಣೆ. ಹುಡುಗನ ಅಕ್ಕ ಯಂತ್ರದ ಮುಂದೆ ಕೂತು ಶಾಲಾ ಸಮವಸ್ತ್ರ ಹೊಲಿಯುತ್ತಿದ್ದಳು. ತಮ್ಮ ಇಂಟರ್‌ವ್ಯೂ ಅಂಗಿಗೆ ಇಸ್ತ್ರಿ ಹಾಕಿಸಲು ಹೋಗಿದ್ದನಂತೆ.

“ಮ್ಯಾನೇಜರ್ ಮೇಡಂ ನೀವೇ ಅಲ್ವಾ?” ಎಂದಳು ಹುಡುಗಿ.

ಯಂತ್ರ ನಿಂತಿತು. ಅಕ್ಕನ ಮುಖ ಬಿಳಿಚಿಕೊಂಡಿತು. ಆದರೆ ಅವಳು ಅಳಲಿಲ್ಲ, ಕಾಲಿಗೂ ಬೀಳಲಿಲ್ಲ. “ಅನುಭವ ಇಲ್ದೆ ಕೆಲಸ ಕೊಡಲ್ಲ ಅಂತಾರೆ. ಕೆಲಸಾನೇ ಕೊಡದಿದ್ರೆ ಅನುಭವ ಆಕಾಶದಿಂದ ಉದುರುತ್ತಾ? ನನ್ನ ತಮ್ಮ ಕಾಲೇಜಿಗೇ ಮೊದಲನೆಯವನು ಮೇಡಂ. ಅದು ಸುಳ್ಳಲ್ಲ, ಬೇಕಾದ್ರೆ ಹೋಗಿ ಕೇಳಿ.” ಸ್ವಲ್ಪ ತಡೆದು ಅವಳೇ ಕೇಳಿದಳು: “ನೀವೂ ಈಗಷ್ಟೇ ಓದು ಮುಗಿಸಿದ ಹಾಗೆ ಕಾಣ್ತೀರಿ. ನಿಮಗೆ ಅನುಭವ ಯಾರು ಕೊಟ್ರು?”

ಹುಡುಗಿ ಒಂದು ಲೋಟ ನೀರು ಕೇಳಿ ಕುಡಿದು ಎದ್ದಳು.

ಆರು ತಿಂಗಳಲ್ಲಿ ಸಿಕ್ಕ ಮೊದಲ ಖೋಟಾ. ಸಾಕ್ಷಿ ಚೀಲದಲ್ಲೇ ಇತ್ತು. ಒಂದು ಸಾಲು ಬರೆದರೆ ಕೆಲಸ ಖಾಯಂ, ಅಮ್ಮನಿಗೆ ಉತ್ತರ ಸಿದ್ಧ. ಮರುದಿನ ಬೆಳಿಗ್ಗೆ ವರದಿ ಬರೆಯುವಾಗ ಅವಳ ಕೈ ಎರಡು ಸಲ ನಿಂತಿತು. ಕೊನೆಗೆ ಬರೆದಳು: ‘ಎಲ್ಲವೂ ಸರಿಯಿದೆ.’

ಭೂತಗನ್ನಡಿ ವರದಿ ಓದಿ ಕಣ್ಣೆತ್ತಲಿಲ್ಲ. ಜೇಬಿನಿಂದ ಗಾಜು ತೆಗೆದು ಹುಡುಗನ ಪತ್ರದ ಮೇಲೆ ಹಿಡಿದರು. ಮುದ್ರೆಯ ಮೇಲೆ ಅದು ನಿಂತೇಬಿಟ್ಟಿತು. ಮುಗಿಯಿತು ಕಥೆ ಎಂದುಕೊಂಡಳು ಹುಡುಗಿ.

“ಕಾರ್ಖಾನೆಗೆ ಹೋಗಿದ್ಯಾ?”

“ಹೋಗಿದ್ದೆ ಸರ್.”

“ಹೇಗಿದೆ?”

“ಮೊದಲಿದ್ದ ಹಾಗೇ ಇದೆ ಸರ್.”

“ಮುದ್ರೆ ಸರಿಯಾಗಿ ನೋಡಿದ್ಯಾ?”

“ತುಂಬಾ ಹತ್ತಿರದಿಂದ ನೋಡಿದೀನಿ ಸರ್.”

ಅವರು ಗಾಜನ್ನು ಪತ್ರದ ಮೇಲಿಂದ ಎತ್ತಿ ಬದಿಗಿಟ್ಟರು. ಆಮೇಲೆ ಹುಡುಗನ ಫೈಲಿಗೆ ಸಹಿ ಹಾಕಿದರು. ಮೇಜಿನ ಖಾನೆಯಿಂದ ಇನ್ನೊಂದು ಕಾಗದ ತೆಗೆದು ಅದಕ್ಕೂ ಸಹಿ ಹಾಕಿ ಅವಳತ್ತ ಸರಿಸಿದರು. ಅದು ಅವಳನ್ನು ಖಾಯಂ ಮಾಡುವ ಆದೇಶ, ನಿನ್ನೆಯೇ ಟೈಪಾಗಿತ್ತು. ಅವಳಿಗೆ ಸಂತೋಷಕ್ಕಿಂತ ಮೊದಲು ಹೆದರಿಕೆಯಾಯಿತು.

“ಈಚೆ ಬಾಮ್ಮ,” ಎಂದರು, ಭೂತಗನ್ನಡಿಯನ್ನು ಅವಳ ಕೈಗಿಟ್ಟು, ಗೋಡೆಯ ಚೌಕಟ್ಟನ್ನು ತೋರಿಸಿ. “ಖಾಯಂ ಆದವರು ಇದನ್ನ ಒಂದು ಸಲ ನೋಡ್ಬೇಕು.”

ಗಾಜಿನೊಳಗಿನ ಹಳದಿ ಕಾಗದದ ಮೇಲಿದ್ದ ಮುದ್ರೆಯ ಬಲ ಅಂಚೂ ಇಲಿ ಕಚ್ಚಿದ ಹಾಗೆ ಮುರಿದಿತ್ತು, ಆ ಹುಡುಗನ ಪತ್ರದಲ್ಲಿದ್ದ ಹಾಗೆಯೇ, ಆರು ತಿಂಗಳ ಹಿಂದೆ ಅವಳೇ ಇದೇ ಮೇಜಿನ ಮೇಲೆ ತಂದಿಟ್ಟಿದ್ದ ಪತ್ರದಲ್ಲಿದ್ದ ಹಾಗೆಯೇ.